ಮುಳ್ಳಿಲ್ಲದ ಬುಟ್ಟಿ

ಕಾಡ್ಗಿಚ್ಚಿನಲ್ಲಿ ಮೈಸುಟ್ಟ ಜಿಂಕೆಮರಿಗಳನ್ನು ಮಲಗಿಸಲೆಂದು, ಮನೆಯಲ್ಲಿ ಉಳಿದಿದ್ದ ಲಂಟಾನ ಮುಳ್ಳುಪೊದೆಯ ಕಡ್ಡಿಯಲ್ಲಿ ಕೇತಮ್ಮ ಹೆಣೆದು ತಂದ ಬುಟ್ಟಿಯ ಮೇಲೆ ರೇಂಜರ್ ಸಾಹೇಬರು ಕೈಯಾಡಿಸಿದರು. ಒಂದು ಮುಳ್ಳೂ ಚುಚ್ಚಲಿಲ್ಲ.

"ಭೇಷ್! ಇನ್ನೂ ಹತ್ತು ಬೇಕು ಕೇತಮ್ಮ, ಮರಿಗಳು ಬರೀ ನೆಲದ ಮೇಲೆ ನರಳ್ತಿವೆ. ಈ ದರಿದ್ರ ಲಂಟಾನ ಒಣಗಿ ನಿಂತಿದ್ದಕ್ಕೇ ಬೆಂಕಿ ಇಷ್ಟು ಹಬ್ಬಿದ್ದು. ಉಳಿದಿರೋದನ್ನ ಎಷ್ಟು ಬೇಕೋ ಕಡ್ಕೊ, ಯಾರೂ ಕೇಳಲ್ಲ."

"ನನ್ನೊಬ್ಬಳ ಕೈಲಾಗಲ್ಲ ಸ್ವಾಮಿ. ಕಡ್ಡಿ ಬೇಯ್ಸಿ, ಮುಳ್ಳು ಸವರಿ ಕೊಡೋನು ನನ್ನ ಗಂಡ."

"ಹಾಗಾದ್ರೆ ಅವನನ್ನೂ ಕರ್ಕೊಂಡು ಬಾ. ಎಲ್ಲಿದ್ದಾನೆ? ಜೀಪ್ ಕಳಿಸ್ತೀನಿ."

ಕೇತಮ್ಮ ಬುಟ್ಟಿಯಿಂದ ಕಣ್ಣು ಕೀಳಲಿಲ್ಲ.

"ಜೈಲಲ್ಲವ್ನೆ ಸ್ವಾಮಿ. ಹೋದ ವರ್ಷ ಕಾಡಲ್ಲಿ ಲಂಟಾನ ಕಡ್ದ ಅಂತ ನೀವೇ ಅಲ್ವಾ ಹಿಡ್ದು ಕಳಿಸಿದ್ದು?"