ಜೂನ್ ಮೂವತ್ತೊಂದು

ಊರಿನ ಚರಿತ್ರೆ ಸಂಘದ ವಿಕಿ ಜಾಲತಾಣದಲ್ಲಿ ದಿನಕ್ಕೊಂದು ಪುಟದಂತೆ ವರ್ಷದ ಅಷ್ಟೂ ದಿನಗಳಿಗೆ ಓಂಕಾರಪ್ಪ ಮೇಷ್ಟ್ರು ಕೈಯಾರೆ ಪುಟ ಮಾಡುತ್ತಿದ್ದರು. ಒಂಬತ್ತು ವರ್ಷ ಕೀಲಿಮಣೆ ಕುಟ್ಟಿದರೂ ಇನ್ನೂರು ದಾಟಿರಲಿಲ್ಲ. ಮೊನ್ನೆ ಮೊನ್ನೆ ಸಂಘಕ್ಕೆ ಸೇರಿದ ರುಕ್ಸಾನಾ ಒಂದು ಪ್ರೋಗ್ರಾಂ ಬರೆದು, ಉಳಿದ ಪುಟಗಳನ್ನೆಲ್ಲ ಕಾಫಿ ಆರುವುದರೊಳಗೆ ಮಾಡಿ ಮುಗಿಸಿದಳು.

ಅಂದಿನಿಂದ ಎಲ್ಲರ ಬಾಯಲ್ಲೂ ಅವಳದೇ ಹೆಸರು. ಮೇಷ್ಟ್ರ ಹೊಟ್ಟೆಯೊಳಗೆ ಕಿಚ್ಚು ಬಿತ್ತು. ವಾರವಿಡೀ ಕೂತು ಒಂದೊಂದೇ ಪುಟ ಜಾಲಾಡಿದರು. ಕೊನೆಗೂ ಸಿಕ್ಕಿತು: ‘ಜೂನ್ ೩೧’. ಮೂವತ್ತೇ ದಿನದ ತಿಂಗಳಿಗೆ ಮೂವತ್ತೊಂದನೆಯ ಪುಟ!

ಭಾನುವಾರದ ಸಭೆಯಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ತೆರೆದಿಟ್ಟರು.

“ಏನಮ್ಮಾ ರುಕ್ಸಾನಾ, ಜೂನ್‌ಗೆ ಎಷ್ಟು ದಿನ ಅನ್ನೋದೂ ನಿನ್ನ ಪ್ರೋಗ್ರಾಂಗೆ ಗೊತ್ತಿಲ್ವಾ?”

ಸಭೆ ಗೊಳ್ಳೆಂದಿತು. ಅವಳು ತಲೆ ತಗ್ಗಿಸಿದಳು.

“ಅಳಿಸಿಬಿಡ್ತೀನಿ ಸಾರ್. ಇಲ್ಲಿಗೆ ಬಿಟ್ಬಿಡಿ.”

“ಅದ್ಹೇಗೆ ಬಿಡೋದು? ಯಾವ ಪುಟ ಯಾರು ಮಾಡಿದ್ದು ಅಂತ ವಿಕಿನೇ ಬರೆದಿಟ್ಟಿರುತ್ತೆ. ಆ ‘ಇತಿಹಾಸ’ ಅನ್ನೋ ಗುಂಡಿ ಒತ್ತು, ಎಲ್ರೂ ನೋಡ್ಲಿ.”

“ಬೇಡ ಸಾರ್. ಆಮೇಲೆ ನಾವಿಬ್ರೇ ಕೂತು ನೋಡೋಣ.”

“ಆಮೇಲೆ ಯಾಕೆ? ಯಾರ ಮಾನ ಮುಚ್ಚೋಕೆ?” ಮೇಷ್ಟ್ರು ಮೌಸನ್ನು ಅವಳ ಕೈಗೇ ತಳ್ಳಿದರು. “ಒತ್ತಮ್ಮಾ, ಒತ್ತು!”

ಅವಳು ಒತ್ತಿದಳು. ಪರದೆಯ ಮೇಲೆ ಒಂದೇ ಸಾಲು ಮೂಡಿತು: ‘ಪುಟ ರಚಿಸಿದವರು: ಓಂಕಾರಪ್ಪ ಮೇಷ್ಟ್ರು, ಎಂಟು ವರ್ಷಗಳ ಹಿಂದೆ.’