ಎದುರು ನೋಟದ ಫೋಟೊ

"ಅಕ್ಕಾ, ನಿಮ್ಮದೊಂದು ಫೋಟೊ ಬೇಕಿತ್ತು. ಎದುರಿಗೆ ನೋಡ್ತಿರ್ಬೇಕು, ಮುಖದಲ್ಲಿ ಸ್ವಲ್ಪ ನಗು ಇರ್ಲಿ." ಧಾರಾವಾಹಿಗೆ ಸಾಮಾನು ಒದಗಿಸುವ ಗೂ ಎಂಬ ಹುಡುಗ ಊಟದ ಹೊತ್ತಿನಲ್ಲಿ ಹೀಗೆ ಕೇಳಿದಾಗ ನಟಿ ಯೊನ್‌ಸುಕ್‌ಳ ಕೈಯಲ್ಲಿದ್ದ ಸೂಪಿನ ಚಮಚ ಅಲ್ಲೇ ನಿಂತಿತು. ಅಂಥ ಫೋಟೊ ಯಾಕೆಂದು ಅವಳಿಗೆ ಗೊತ್ತು. ಸಾವಿನ ಮನೆಯ ದೃಶ್ಯದಲ್ಲಿ ಕಪ್ಪು ಪಟ್ಟಿ ಕಟ್ಟಿ, ಬಿಳಿ ಸೇವಂತಿಗೆಯ ನಡುವೆ ಇಡುವುದಕ್ಕೆ. ತೆರೆಯ ಮೇಲೆ ನಾಯಕಿಯಾಗಿದ್ದವಳು ವಯಸ್ಸಾದಂತೆ ಅತ್ತಿಗೆಯಾದಳು, ಅತ್ತಿಗೆಯಾಗಿದ್ದವಳು ತಾಯಿಯಾದಳು. ಈ ತಾಯಿಯೂ ಸತ್ತರೆ ಆಮೇಲೆ ಕರೆಯುವವರು ಯಾರು?

"ಸಾಯೋದು ನಾನೇ ಏನೋ?"

"ನನಗೇನು ಗೊತ್ತಕ್ಕಾ? ಮುಂದಿನ ಕಂತು ಇನ್ನೂ ಬರೀತಾ ಇದಾರೆ."

"ಮತ್ತೆ ನೆಲ ನೋಡ್ಕೊಂಡು ಯಾಕೆ ಮಾತಾಡ್ತೀಯ?"

ಗೂ ಮೆಲ್ಲಗೆ ಜಾರಿಕೊಂಡ. ಯೊನ್‌ಸುಕ್‌ಳ ಕಣ್ಣು ಹ್ಯೇರಿನ್ ಮೇಲೆ ಹೋಯಿತು. ಧಾರಾವಾಹಿಯಲ್ಲಿ ಅವಳು ಈ ತಾಯಿಯ ಮಗಳು. ನಿನ್ನೆ ಕಥೆ ಬರೆಯುವಾಕೆಯ ಜೊತೆ ಮೂಲೆಯಲ್ಲಿ ನಿಂತು ಪಿಸುಗುಟ್ಟುತ್ತಿದ್ದವಳು ಇವಳೇ. ಈಗ ತಟ್ಟೆ ಹಿಡಿದು ಬಂದು ಎದುರಿಗೆ ಕುಳಿತವಳೇ ತನ್ನ ಪಾಲಿನ ಮೊಟ್ಟೆಯ ಸುರುಳಿಯನ್ನು ಎತ್ತಿ ಯೊನ್‌ಸುಕ್‌ಳ ಅನ್ನದ ಮೇಲಿಟ್ಟಳು.

"ಬೆಣ್ಣೆ ಹಚ್ಚೋಕೆ ಬಂದ್ಯಾ? ನಿನ್ನೆ ಆಕೆ ಕಿವೀಲಿ ಏನು ಊದಿದೆ?"

ಹುಡುಗಿಯ ಮುಖ ಬಿಳಿಚಿಕೊಂಡಿತು. "ಅಮ್ಮನ್ನ ಸಾಯಿಸ್ಬೇಡಿ ಅಂತ ಕೇಳ್ಕೊಂಡೆ ಅಮ್ಮಾ. ಯಾರಾದ್ರೂ ಸಾಯ್ಲೇಬೇಕು, ಹಾಗಾದ್ರೆ ಮಗಳನ್ನ ಸಾಯಿಸ್ಲಾ ಅಂದ್ರು. ಆಗ..." ಅವಳು ತಲೆ ತಗ್ಗಿಸಿದಳು. "ಆಗ ನಾನು ಸುಮ್ಮನಾಗ್ಬಿಟ್ಟೆ."

ಯೊನ್‌ಸುಕ್ ಅನ್ನದ ಮೇಲಿದ್ದ ಮೊಟ್ಟೆಯ ಸುರುಳಿಯನ್ನು ಎರಡು ಮಾಡಿ ಅರ್ಧ ಅವಳ ತಟ್ಟೆಗಿಟ್ಟಳು. ಇವಳ ವಯಸ್ಸಿನಲ್ಲಿ ತಾನಾಗಿದ್ದರೆ ಇನ್ನೊಬ್ಬಳಿಗಾಗಿ ಅಷ್ಟು ಕೇಳುತ್ತಲೂ ಇರಲಿಲ್ಲ.