ಡ್ರಮ್ಮಿನ ತಳದ ಡಬ್ಬಿ

“ಆಕ್ಟೋಪಸ್‌ಗೆ ಮೂರು ಹೃದಯ ಉಂಟು, ಗೊತ್ತುಂಟಾ ಅವ್ವಮ್ಮ?” ಎನ್ನುತ್ತಲೇ ಏಣಿ ಹತ್ತಿ ಬಂದ ದೇವದಾಸ ಶೆಟ್ಟರು ಹೊಸ ಸ್ಲ್ಯಾಬಿನ ಮೇಲೆ ಕಾಲಿಟ್ಟರು. ನಿಂತ ನೀರಿನಲ್ಲಿ ಬೂಟು ಪಚಕ್ಕೆಂದಿತು.

“ಮೂರಾ? ನನಗ ಒಂದನ್ನ ಸಂಭಾಳ್ಸೋದ್ರಾಗ ಸಾಕಾಗ್ಯದ ಶೆಟ್ರ,” ಎಂದು ಅವ್ವಮ್ಮ ನಕ್ಕಳು. ಕೈಯಲ್ಲಿದ್ದ ಪೈಪಿನ ನೀರು ಮಾತ್ರ ನಿಲ್ಲಲಿಲ್ಲ.

ಶೆಟ್ಟರದು ಕ್ಯಾಂಪ್ ಬಡಾವಣೆಯಲ್ಲಿ ಹೋಟೆಲು. ಹಡಪಸರದಲ್ಲಿ ಅವರ ಈ ಹೊಸ ಮನೆ ಏಳತೊಡಗಿದ ಮೇಲೆ ವಾರಕ್ಕೆರಡು ಸಲ ಬರುವರು. ಬಂದಾಗಲೆಲ್ಲ ಮೊಬೈಲಿನಲ್ಲಿ ಓದಿದ ಒಂದು ಸೋಜಿಗ ಹೇಳದೆ ಹೋಗುವವರಲ್ಲ. ಜೇನು ವರ್ಷಗಟ್ಟಲೆ ಕೆಡುವುದಿಲ್ಲವಂತೆ, ಜಿರಾಫೆಯ ನಾಲಿಗೆ ಕಪ್ಪಂತೆ. ಅವ್ವಮ್ಮನಿಗೂ ಕೇಳುವ ಚಟ ಹತ್ತಿತ್ತು. ಇವತ್ತು ಮಾತ್ರ ಶೆಟ್ಟರ ಕಣ್ಣು ಕೆಳಗೇ ನೆಟ್ಟಿತ್ತು. ಗದ್ದೆಗೆ ಬದು ಹಾಕಿದಂತೆ ಸಿಮೆಂಟಿನ ಸಣ್ಣ ಬದು ಕಟ್ಟಿ, ಸ್ಲ್ಯಾಬಿನ ತುಂಬ ಅವಳು ನೀರು ನಿಲ್ಲಿಸಿದ್ದಳು.

“ಎಂಥ ಮಾರಾಯ್ತಿ ಇದು? ಸ್ಲ್ಯಾಬ್ ಹಾಕಿ ಎಂಟು ದಿನ ಆಯ್ತು. ಹೀಗೆ ನೆನೆಸಿದರೆ ಒಣಗುವುದು ಯಾವಾಗ? ಹಪ್ಪಳಕ್ಕೆ ಯಾರಾದರೂ ನೀರು ಹೊಡೀತಾರಾ?”

“ಇದು ಒಣಗೂದಲ್ರಿ, ಬಲಿಯೂದು. ನೀರು ಕುಡದಷ್ಟೂ ಗಟ್ಟಿ ಆಗ್ತದ.”

“ಕಥೆ ಬೇಡ. ನೀರು ಬಂದ್ ಮಾಡಿ. ನಾಳೆಯಿಂದ ನೀವು ಬರುವುದೂ ಬೇಡ, ಕಾಶಪ್ಪನಿಗೆ ನಾನು ಹೇಳ್ತೇನೆ.”

ಮೊಣಕಾಲು ಹೋದ ಮೇಲೆ ಬುಟ್ಟಿ ಹೊರುವುದು ಮುಗಿದಿತ್ತು; ಕಟ್ಟಡದ ಮೇಲೆ ಅವ್ವಮ್ಮನಿಗೆ ಉಳಿದಿದ್ದ ಕೆಲಸ ನೀರು ಹೊಡೆಯುವುದೊಂದೇ. ಮೇಸ್ತ್ರಿ ಕಾಶಪ್ಪನೋ ಉಸುಕು ತರಲು ಹೋಗಿದ್ದ.

ಪೈಪು ಕೆಳಗಿಟ್ಟು, ಮೂಲೆಯ ನೀರಿನ ಡ್ರಮ್ಮಿನೊಳಗೆ ಹೆಗಲ ತನಕ ಕೈ ಇಳಿಸಿ ತಡಕಾಡಿದಳು. ಮೇಲೆ ಬಂದದ್ದು ಪೇಂಟಿನ ಹಳೆಯ ಡಬ್ಬಿ. ಸ್ಲ್ಯಾಬ್ ಹಾಕಿದ ದಿನ ಉಳಿದ ಕಾಂಕ್ರೀಟ್ ಮಾಲನ್ನು ಡಬ್ಬಿಗೆ ತುಂಬಿ ನೀರಿನಲ್ಲಿ ಮುಳುಗಿಸಿಡುವುದು ಅವಳ ಇಪ್ಪತ್ತೈದು ವರ್ಷದ ರೂಢಿ. ಸಿಮೆಂಟು ಎಂಥದು ಬಂದಿದೆ ಎಂದು ಅವಳು ತಿಳಿಯುತ್ತಿದ್ದುದು ಹಾಗೆ.

“ಹಸೀ ಇದ್ದಾಗ ಮುಳಗಿಸೀನ್ರಿ. ಎಂಟ ದಿನದಿಂದ ಬಿಸಲ ಕಂಡಿಲ್ಲ. ಒಡೀರಿ ನೋಡೂಣು.”

“ರಾಡಿ ಹಾರ್ತದೆ ಮಾರಾಯ್ತಿ,” ಎನ್ನುತ್ತ ಶೆಟ್ಟರು ದೂರ ನಿಂತು, ಕೈ ಚಾಚಿ, ಅಲ್ಲೇ ಬಿದ್ದಿದ್ದ ಸುತ್ತಿಗೆಯಿಂದ ಡಬ್ಬಿಯೊಳಗಿನ ಮಾಲನ್ನು ಮೆಲ್ಲಗೆ ತಟ್ಟಿದರು. ಠಣ್ ಎಂದಿತು. ಹತ್ತಿರ ಬಂದು ಜೋರಾಗಿ ಹೊಡೆದರು. ಸುತ್ತಿಗೆ ಪುಟಿದು, ಮೊಣಕೈವರೆಗೆ ಜುಮ್ಮೆಂದಿತು.

“ಶಿವಾಜಿನಗರದಾಗ ಒಬ್ರು ಹಿಂಗ ನೀರು ಬಂದ್ ಮಾಡ್ಸಿದ್ರು. ಅವರ ಸ್ಲ್ಯಾಬ್ ನಿಮ್ಮ ಹಪ್ಪಳದಂಗ ಬಿರೀತು ನೋಡ್ರಿ.”

ಶೆಟ್ಟರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇನ್ನೆಷ್ಟು ದಿನ ಹೊಡೀಬೇಕು?”

“ಎರಡ ವಾರ ರೀ.”

“ಹೊಡೀರಿ ಅವ್ವಮ್ಮ. ನೀವೇ ಹೊಡೀರಿ.” ಹಾಗೆಂದವರೇ, ಸ್ಲ್ಯಾಬಿನ ಜೊತೆಗೇ ಹಾಕಿದ್ದ, ಇನ್ನೂ ಓಡಾಟಕ್ಕೆ ಬಿಡದ ಹೊಸ ಮೆಟ್ಟಿಲಿಗೆ ಹೋಗಿ ನಿಂತು ಹೆಂಡತಿಗೆ ಫೋನು ಹಚ್ಚಿದರು. “ಹರಿಣಾಕ್ಷಿ, ಗೊತ್ತುಂಟಾ ನಿನಗೆ? ಕಾಂಕ್ರೀಟ್ ಒಣಗಿ ಗಟ್ಟಿ ಆಗುವುದಲ್ಲ! ನೀರಿನೊಳಗೇ... ಇಲ್ಲ ಮಾರಾಯ್ತಿ, ಮೊಬೈಲಿನದ್ದಲ್ಲ, ಕಣ್ಣಾರೆ ನೋಡಿದ್ದು!” ಸುಡುಬಿಸಿಲಿನಲ್ಲಿ ಕೈ ಆಡಿಸುತ್ತ, ಡಬ್ಬಿಯ ಕಥೆಯನ್ನು ಮೊದಲಿನಿಂದ ಶುರು ಮಾಡಿದರು.

ಮೆಟ್ಟಿಲಿಗೂ ನೀರು ಹೊಡೆಯಲು ಅವ್ವಮ್ಮ ಪೈಪು ಹಿಡಿದು ಬಂದಳು. ಕಾದಳು. ಕಥೆ ಮುಗಿಯುವಂತೆ ಕಾಣಲಿಲ್ಲ.

“ಶೆಟ್ರ, ಸ್ವಲ್ಪ ಆ ಕಡೆ ಸರೀರಿ,” ಎಂದಳು. “ನೀವು ನಿಂತಲ್ಲೇ ಒಣಗ್ಲಾಕತ್ತದ.”